ಮಾಡೆಲ್‌ನಲ್ಲಿ ಚರಂಡಿ ತುಂಬಲ್ಲ, ರಸ್ತೆಯಲ್ಲಿ ನೀರು ಇಳಿಯಲ್ಲ. ಎಲ್ಲಿ ತಪ್ಪಿದ್ದೇನೆ?

ಮೋರಿಪಕ್ಕದಮನೆ · ಶುಕ್ರವಾರ ರಾತ್ರಿ 10:15

ನಮಸ್ಕಾರ. ಸ್ವಲ್ಪ ಉದ್ದದ ಪ್ರಶ್ನೆ. ಬೇಜಾರು ಮಾಡ್ಕೋಬೇಡಿ.

ನಾನು ಸ್ಟ್ರಕ್ಚರಲ್ ಇಂಜಿನಿಯರ್. ಕಂಬ, ತೊಲೆ, ಕಬ್ಬಿಣದ ಲೆಕ್ಕ ನನ್ನ ಹೊಟ್ಟೆಪಾಡು. ನೀರಿನ ಲೆಕ್ಕ ಮಾತ್ರ ಕಾಲೇಜಿನಲ್ಲಿ ಪಾಸಾಗುವಷ್ಟೇ ಕಲಿತದ್ದು. ಬೆಂಗಳೂರಿನ ಪೂರ್ವ ಭಾಗದಲ್ಲಿ ನಮ್ಮ ಮನೆ. ರಾಜಕಾಲುವೆ ಅಲ್ಲಿಂದ 200 ಮೀಟರ್. ಒಂದು ಗಂಟೆ ಜೋರು ಮಳೆ ಹೊಡೆದರೆ ಸಾಕು, ರಸ್ತೆಯ ತಗ್ಗಿನಲ್ಲಿ ನೀರು ನಿಲ್ಲುತ್ತದೆ. ಕಳೆದ ಸಲ ಸ್ಕೂಟರ್ ಸೈಲೆನ್ಸರ್ ಮುಳುಗಿತ್ತು. ಎದುರುಮನೆ ಅಜ್ಜಿ ಅಕ್ಕಿ ಡಬ್ಬವನ್ನು ಮಂಚದ ಮೇಲೆ ಇಟ್ಟುಕೊಂಡು ಕೂತಿದ್ದರು.

ಪ್ರತಿ ಸಲ ಬೈಯುವುದು ಬಿಟ್ಟು ಲೆಕ್ಕ ಹಾಕಿಯೇ ನೋಡೋಣ ಅಂತ ಸ್ವಿಮ್ ಇಳಿಸಿಕೊಂಡೆ. ಅದೇ ಮಳೆ ನೀರು ಚರಂಡಿಯಲ್ಲಿ ಹೇಗೆ ಹರಿಯುತ್ತದೆ ಅಂತ ಲೆಕ್ಕ ಹಾಕುವ, ಅಮೆರಿಕದ ಪರಿಸರ ಸಂಸ್ಥೆಯ ಉಚಿತ ತಂತ್ರಾಂಶ, ಎಸ್‌ಡಬ್ಲ್ಯುಎಂಎಂ. ನಾನು ಹಾಕಿದ ಅಂಕಿ ಇವು:

ನೀರು ಬರುವ ಜಾಗ, ಮೂರು ಅಡ್ಡರಸ್ತೆ ಸೇರಿ 2.2 ಹೆಕ್ಟೇರ್. ಎಲ್ಲಾ ಕಾಂಕ್ರೀಟು, ಡಾಂಬರು. ಹಾಗಾಗಿ ಬಿದ್ದ ಮಳೆಯಲ್ಲಿ ಶೇ. 90 ಹರಿಯುತ್ತದೆ ಅಂತ ಹಿಡಿದೆ. ಮಳೆ ಗಂಟೆಗೆ 60 ಮಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 330 ಲೀಟರ್ ನೀರು. ಚರಂಡಿ 60 ಸೆಂ.ಮೀ. ಅಗಲ, 60 ಸೆಂ.ಮೀ. ಆಳ, ಇಳಿಜಾರು 300ಕ್ಕೆ 1, ಮ್ಯಾನಿಂಗ್ ಅಂಕಿ (ಚರಂಡಿಯ ಒಳಮೈ ಎಷ್ಟು ಒರಟು ಅನ್ನುವ ಅಳತೆ) 0.015.

ಈ ಚರಂಡಿ ಸೆಕೆಂಡಿಗೆ 470 ಲೀಟರ್ ಹೊರುತ್ತದಂತೆ. ಮಾಡೆಲ್‌ನಲ್ಲಿ ಮುಕ್ಕಾಲು ಮಾತ್ರ ತುಂಬುತ್ತದೆ. ರಸ್ತೆಗೆ ಒಂದು ಹನಿಯೂ ಬರಲ್ಲ. ನಾಲ್ಕು ಸಲ ಓಡಿಸಿದೆ, ನಾಲ್ಕು ಸಲವೂ ನಮ್ಮ ರಸ್ತೆ ಒಣಗಿಯೇ ಇತ್ತು! ಅಜ್ಜಿಗೆ ಹೇಳಿದರೆ ನಗುತ್ತಾರೆ.

ತಪ್ಪು ಎಲ್ಲಿ?

ಐದುಮೀಟರ್‌ಗ್ರಿಡ್ · ಶುಕ್ರವಾರ ರಾತ್ರಿ 10:52

ಮೇಡಂ, ನಿಮ್ಮ ಅಂಕಿಯಲ್ಲಿ ತಪ್ಪಿಲ್ಲ. ಮಾಡೆಲ್ ಕಟ್ಟಿದ ರೀತಿಯಲ್ಲಿದೆ. ನಾಲ್ಕು ಪ್ರಶ್ನೆ ಕೇಳುತ್ತೇನೆ, ಉತ್ತರ ಕೊಡಿ:

ಮಳೆ ನೀರು ಚರಂಡಿಗೆ ಹೇಗೆ ಇಳಿಯುತ್ತದೆ ಅಂತ ಹೇಳಿದ್ದೀರಿ? ಕೊನೆಯಲ್ಲಿ, ರಾಜಕಾಲುವೆ ಸೇರುವ ಜಾಗದಲ್ಲಿ ಏನು ಹಾಕಿದ್ದೀರಿ? ರೂಟಿಂಗ್, ಅಂದರೆ ಚರಂಡಿಯೊಳಗೆ ನೀರು ಹರಿಸುವ ಲೆಕ್ಕದ ವಿಧಾನ ಯಾವುದು, ಕೈನೆಮ್ಯಾಟಿಕ್ ವೇವಾ, ಡೈನಮಿಕ್ ವೇವಾ? ಪಾಂಡಿಂಗ್ (ಉಕ್ಕಿದ ನೀರು ಮೇಲೆ ನಿಲ್ಲಲು ಬಿಡುವುದು) ಆನ್ ಇದೆಯಾ?

ಮೋರಿಪಕ್ಕದಮನೆ · ಶುಕ್ರವಾರ ರಾತ್ರಿ 11:03

ಇಳಿಯುವುದು ಅಂದರೆ? ಜಾಗವನ್ನು ನೇರ ನೋಡ್‌ಗೆ, ಅಂದರೆ ಮಾಡೆಲ್‌ನಲ್ಲಿ ಚರಂಡಿಯ ಒಂದು ಬಿಂದುವಿಗೆ ಜೋಡಿಸಿದೆ ಅಷ್ಟೇ. ಕೊನೆಯಲ್ಲಿ ಫ್ರೀ ಔಟ್‌ಫಾಲ್. ರೂಟಿಂಗ್ ಕೈನೆಮ್ಯಾಟಿಕ್. ಪಾಂಡಿಂಗ್ ಮುಟ್ಟಿಲ್ಲ.

ಐದುಮೀಟರ್‌ಗ್ರಿಡ್ · ಶುಕ್ರವಾರ ರಾತ್ರಿ 11:30

ಅಲ್ಲೇ ಇದೆ ನೋಡಿ.

ನೇರ ನೋಡ್‌ಗೆ ಜೋಡಿಸಿದರೆ ಮಳೆ ನೀರು ರಸ್ತೆಯನ್ನು ಮುಟ್ಟುವುದೇ ಇಲ್ಲ. ಸೀದಾ ಚರಂಡಿಯೊಳಗೆ ಬೀಳುತ್ತದೆ. ಫುಟ್‌ಪಾತ್ ಇಲ್ಲ, ಸ್ಲ್ಯಾಬ್ ಇಲ್ಲ, ಕಿಂಡಿ ಇಲ್ಲ. ಇಡೀ 2.2 ಹೆಕ್ಟೇರಿಗೆ ಒಂದು ದೊಡ್ಡ ಫನಲ್ ಇಟ್ಟ ಹಾಗೆ.

ಫ್ರೀ ಔಟ್‌ಫಾಲ್ ಅಂದರೆ ರಾಜಕಾಲುವೆ ಯಾವಾಗಲೂ ಖಾಲಿ, ನಿಮ್ಮ ಚರಂಡಿ ನೀರು ಜಲಪಾತದ ಹಾಗೆ ಬೀಳುತ್ತದೆ ಅಂತ. ಕೈನೆಮ್ಯಾಟಿಕ್‌ನಲ್ಲಿ ನೀರು ಹಿಂದಕ್ಕೆ ತಿರುಗುವುದಿಲ್ಲ, ಅದಕ್ಕೆ ಇಳಿಜಾರು ಬಿಟ್ಟರೆ ಬೇರೇನೂ ಗೊತ್ತಿಲ್ಲ. ಮುಂದೆ ಕಟ್ಟಿಕೊಂಡು ಹಿಂದೆ ಏರುವುದನ್ನು ನೋಡಬೇಕಾದರೆ ಡೈನಮಿಕ್ ವೇವ್ ಬೇಕೇ ಬೇಕು.

ಪಾಂಡಿಂಗ್ ಆಫ್ ಇದ್ದರೆ ನೋಡ್‌ನಿಂದ ಮೇಲೆ ಉಕ್ಕಿದ ನೀರು ಮಾಯ. ವರದಿಯಲ್ಲಿ 'ಫ್ಲಡಿಂಗ್ ಲಾಸ್' ಅಂತ ಒಂದು ಸಾಲಿನಲ್ಲಿ ಕೂತಿರುತ್ತದೆ. ರಸ್ತೆಯಲ್ಲಿ ನಿಂತು, ಮುಂದಿನ ತಗ್ಗಿಗೆ ಹರಿದು, ಅಲ್ಲಿ ಇನ್ನೊಂದು ಕಿಂಡಿಯಿಂದ ಇಳಿಯಬೇಕಾದ ನೀರು ಅದು. ಎಷ್ಟೋ ವರದಿಗಳಲ್ಲಿ ಆ ಸಾಲನ್ನು ಯಾರೂ ಓದುವುದೇ ಇಲ್ಲ.

ನೀರುಗಂಟಿ · ಶನಿವಾರ ಬೆಳಿಗ್ಗೆ 6:20

ಮಗಳೇ, ನಾನು ಸಣ್ಣ ನೀರಾವರಿಯಲ್ಲಿ ಕೆಲಸ ಮಾಡಿ ರಿಟೈರ್ ಆದವನು. ಸಾಫ್ಟ್‌ವೇರ್ ಬರಲ್ಲ. ಆದರೆ ನೀವು ಕೇಳಿದ್ದು ಕೆರೆಯ ವಿಷಯವೇ.

ಕೆರೆಯಿಂದ ನೀರು ಎರಡು ದಾರಿಯಲ್ಲಿ ಹೊರಗೆ ಹೋಗುತ್ತದೆ. ಒಂದು ಕೋಡಿ, ಇನ್ನೊಂದು ತೂಬು. ಕೋಡಿಯಲ್ಲಿ ನೀರು ಕಟ್ಟೆ ಹಾರಿ ಹೋಗುತ್ತದೆ. ಮಟ್ಟ ಒಂದಕ್ಕೆರಡು ಆದರೆ ಹರಿವು ಸುಮಾರು ಎರಡೂಮುಕ್ಕಾಲು ಪಟ್ಟು ಜಾಸ್ತಿ. ತೂಬು ಹಾಗಲ್ಲ. ಅದು ಮುಳುಗಿರುವ ತೂತು. ಮೇಲೆ ನೀರು ಎರಡು ಪಟ್ಟು ನಿಂತರೂ ಹರಿವು ಏರುವುದು ಒಂದೂಕಾಲರಿಂದ ಒಂದೂವರೆ ಪಟ್ಟಿನ ನಡುವೆ. ಲೆಕ್ಕ ಹಾಕಿದರೆ 1.41.

ನಿಮ್ಮ ರಸ್ತೆ ಒಂದು ಕೆರೆ. ಚರಂಡಿಯ ಕಿಂಡಿ ಮೊದಲು ಕೋಡಿಯ ಹಾಗೆ ಇರುತ್ತದೆ. ನೀರು ಕಿಂಡಿಯ ತಲೆ ದಾಟಿತೋ, ಅಲ್ಲಿಗೆ ಅದು ತೂಬಾಯಿತು. ಆಮೇಲೆ ನೀರು ಎಷ್ಟು ನಿಂತರೂ ಒಳಗೆ ಹೋಗುವುದು ಅಷ್ಟಕ್ಕಷ್ಟೇ. ಜನ ಕೇಳುತ್ತಾರೆ, ಅಷ್ಟು ನೀರು ನಿಂತಿದೆ, ಪಕ್ಕದಲ್ಲೇ ಚರಂಡಿ ಇದೆ, ಯಾಕೆ ಇಳಿಯುತ್ತಿಲ್ಲ ಅಂತ. ಇದಕ್ಕೇ.

ಕಿಂಡಿ ಎಷ್ಟಿವೆ, ಎಷ್ಟು ಗಾತ್ರ? ಮೊದಲು ಅದನ್ನು ಎಣಿಸಿ.

ಐದುಮೀಟರ್‌ಗ್ರಿಡ್ · ಶನಿವಾರ ಬೆಳಿಗ್ಗೆ 9:05

ಸಾರ್, ನೂರಕ್ಕೆ ನೂರು. ನಮ್ಮ ಕಡೆ ಇದನ್ನೇ ವೀರ್ ಮತ್ತು ಆರಿಫಿಸ್ ಅಂತೀವಿ. ರಸ್ತೆ ಮಾಡೆಲ್ಲನ್ನೂ ಪೈಪ್ ಮಾಡೆಲ್ಲನ್ನೂ ಜೋಡಿಸುವ ಹೆಚ್ಚಿನ ತಂತ್ರಾಂಶಗಳು ಒಳಗೆ ಮಾಡುವುದು ಇಷ್ಟೇ. ಪ್ರತಿ ಕಿಂಡಿಯಲ್ಲೂ ರಸ್ತೆಯ ಮಟ್ಟ, ಚರಂಡಿಯ ಮಟ್ಟ ಎರಡನ್ನೂ ನೋಡಿ, ಕೋಡಿಯೋ ತೂಬೋ ತೀರ್ಮಾನಿಸಿ, ಎಷ್ಟು ನೀರು ಎತ್ತ ಕಡೆ ಅಂತ ಲೆಕ್ಕ ಹಾಕುತ್ತವೆ. ಚರಂಡಿಯ ಮಟ್ಟವೇ ಮೇಲಿದ್ದರೆ ನೀರು ವಾಪಸ್ ರಸ್ತೆಗೆ. ಇನ್ಮೇಲೆ ಪಾಠ ಮಾಡುವಾಗ ಕೋಡಿ–ತೂಬು ಅಂತಲೇ ಹೇಳುತ್ತೇನೆ.

ಸುಮ್ನೆಓದುವವ · ಶನಿವಾರ ಮಧ್ಯಾಹ್ನ 1:40

ಇಂಜಿನಿಯರ್ ಅಲ್ಲದವನ ಪ್ರಶ್ನೆ. ಚರಂಡಿ ದೊಡ್ಡದು ಮಾಡಿದರೆ ಎಲ್ಲಾ ಸರಿ ಹೋಗಲ್ವಾ? ಇನ್ನೊಂದು, ಸರ್ಜಾಪುರ ರಸ್ತೆ ಕಡೆ ಫ್ಲ್ಯಾಟ್ ನೋಡುತ್ತಿದ್ದೇನೆ, ನೀರು ನಿಲ್ಲುತ್ತಾ ಅಂತ ತಿಳಿಯುವುದು ಹೇಗೆ?

ಗಟಾರಗುರು · ಶನಿವಾರ ಮಧ್ಯಾಹ್ನ 2:10

ಫ್ಲ್ಯಾಟ್ ವಿಷಯ ಮೊದಲು. ಜೋರು ಮಳೆ ದಿನ ಹೋಗಿ ನಿಂತುಕೊಳ್ಳಿ. ಬೇಸ್‌ಮೆಂಟ್ ಗೋಡೆಯಲ್ಲಿ ಕೆಸರಿನ ಗೆರೆ ಹುಡುಕಿ. ಹಳೇ ಗ್ರಾಮ ನಕಾಶೆ ತೆಗೆಸಿ, ಹಳ್ಳ, ಕಾಲುವೆ, ಕೆರೆ ಎಲ್ಲಾ ಅದರಲ್ಲಿ ಗೆರೆ ಹಾಕಿ ಇರುತ್ತದೆ. ಬ್ರೋಷರ್ ನೋಡಬೇಡಿ.

ಚರಂಡಿ ದೊಡ್ಡದು ಮಾಡುವುದು: ಬಾಯಿ ಸಣ್ಣದಿದ್ದರೆ ಹೊಟ್ಟೆ ದೊಡ್ಡದಾಗಿ ಏನು ಉಪಯೋಗ? ನಾನು ಹುಬ್ಬಳ್ಳಿಯವನು, ನಮ್ಮ ಕಡೆ ಗಟಾರ ಅಂತೀವಿ. ಹದಿನೈದು ವರ್ಷ ಸೈಟಿನಲ್ಲಿದ್ದೆ. ನಾನು ಕಂಡ ಎಸ್ಟಿಮೇಟ್‌ಗಳಲ್ಲಿ ಗಟಾರಕ್ಕೆ ರನ್ನಿಂಗ್ ಮೀಟರ್ ಲೆಕ್ಕ ಇರುತ್ತಿತ್ತು. ಸ್ಲ್ಯಾಬ್‌ಗೆ ಲೆಕ್ಕ ಇರುತ್ತಿತ್ತು. ಕಿಂಡಿಗೆ ಒಂದು ಸಾಲೂ ಇರುತ್ತಿರಲಿಲ್ಲ. ಬಿಲ್ಲಿನಲ್ಲಿ ಇಲ್ಲದ್ದನ್ನು ಯಾರು ಮಾಡುತ್ತಾರೆ? ಕೊನೆಗೆ ಮೇಸ್ತ್ರಿ ಉಳಿದ ಪಿವಿಸಿ ಪೈಪ್ ತುಂಡು ಕತ್ತರಿಸಿ ಅಲ್ಲಲ್ಲಿ ಸಿಗಿಸುತ್ತಿದ್ದ. ಅವನಿಗೆ ತೋಚಿದ ಕಡೆ.

ಮೋರಿಪಕ್ಕದಮನೆ · ಭಾನುವಾರ ಸಂಜೆ 6:45

ಎಣಿಸಿದೆ!

ಬೆಳಿಗ್ಗೆ ಏಳಕ್ಕೆ ಟೇಪು, ಚಾಕ್‌ಪೀಸು, ಒಂದು ಕಬ್ಬಿಣದ ಸರಳು ಹಿಡಿದು ಹೊರಟೆ. ಹಾಲಿನವನು "ಏನಕ್ಕಾ, ಸೈಟ್ ಅಳೀತಿದೀರಾ?" ಅಂದ. ಮಗಳು ಛತ್ರಿ ಹಿಡಿದುಕೊಂಡು ನಂಬರ್ ಬರೆಯುತ್ತಾ ಬಂದಳು.

ಒಟ್ಟು 24 ಕಿಂಡಿ. ಎಲ್ಲವೂ ಗಟಾರಗುರು ಹೇಳಿದ ಅದೇ ನಾಲ್ಕಿಂಚಿನ ಪಿವಿಸಿ ಪೈಪ್ ತುಂಡು. ಫುಟ್‌ಪಾತ್ ಕೆಳಗಿಂದ ಚರಂಡಿಗೆ. ಅದರಲ್ಲಿ 9 ಪೂರ್ತಿ ಬಂದ್. ನಾಲ್ಕಕ್ಕೆ ಕಾಂಪೌಂಡ್ ಕೆಲಸದ ಸಿಮೆಂಟ್ ಹೋಗಿ ಗಟ್ಟಿಯಾಗಿದೆ. ಎರಡರ ಮೇಲೆ ಹೊಸ ಡಾಂಬರು. ಮೂರರಲ್ಲಿ ಎಲೆ, ಹಾಲಿನ ಕವರ್, ಒಂದು ಮಗುವಿನ ಚಪ್ಪಲಿ. ಸಿಮೆಂಟ್ ಹೋದ ನಾಲ್ಕರಲ್ಲಿ ಒಂದು, 17ನೇ ಕಿಂಡಿ, ನಮ್ಮದೇ ಗೇಟಿನ ಮುಂದೆ. ರ‍್ಯಾಂಪ್ ಹಾಕಿಸಿದಾಗ ನಾವೇ ಮುಚ್ಚಿದ್ದು. ಇದನ್ನು ಬರೆಯಲೋ ಬೇಡವೋ ಅಂತ ಯೋಚಿಸಿ ಬರೆದೆ.

ಸ್ಲ್ಯಾಬ್ ಸಂದಿಯಿಂದ ಸರಳು ಬಿಟ್ಟು ಹೂಳು ಅಳೆದೆ. ಸರಾಸರಿ 20 ಸೆಂ.ಮೀ.

ನೀರುಗಂಟಿ · ಭಾನುವಾರ ರಾತ್ರಿ 8:00

ಶಹಬ್ಬಾಸ್. 17ನೇ ಕಿಂಡಿ ಬರೆದದ್ದಕ್ಕೆ ಇನ್ನೊಂದು ಶಹಬ್ಬಾಸ್.

ಈಗ ಪೆನ್ನು ಪೇಪರ್ ತೆಗೆದುಕೊಳ್ಳಿ. ನಾಲ್ಕಿಂಚಿನ ತೂತು, ಅದರ ನಡುಮಟ್ಟದ ಮೇಲೆ 15 ಸೆಂ.ಮೀ. ನೀರು ನಿಂತಿದೆ ಅನ್ನಿ. ತೂಬಿನ ಲೆಕ್ಕದಲ್ಲಿ ಗುಣಾಂಕ 0.6 ಹಿಡಿದರೆ ಸೆಕೆಂಡಿಗೆ ಸುಮಾರು 8 ಲೀಟರ್. ಅಂದರೆ ಸೆಕೆಂಡಿಗೆ ಒಂದು ಬಿಂದಿಗೆ ಕೂಡ ತುಂಬಲ್ಲ. 15 ಕಿಂಡಿಗೆ 120 ಲೀಟರ್. ಬರುತ್ತಿರುವುದು 330. ಉಳಿದ 210 ಲೀಟರ್ ರಸ್ತೆಯಲ್ಲೇ. 20 ನಿಮಿಷಕ್ಕೆ 250 ಘನ ಮೀಟರ್. ನಿಮ್ಮ ತಗ್ಗು ಎಷ್ಟು ದೊಡ್ಡದು?

ಮೋರಿಪಕ್ಕದಮನೆ · ಭಾನುವಾರ ರಾತ್ರಿ 8:12

ಸುಮಾರು ಸಾವಿರ ಚದರ ಮೀಟರ್ ಇರಬಹುದು.

ಅಯ್ಯೋ. 25 ಸೆಂ.ಮೀ. ಸೈಲೆನ್ಸರ್!

ಐದುಮೀಟರ್‌ಗ್ರಿಡ್ · ಭಾನುವಾರ ರಾತ್ರಿ 9:30

ಹೂಳಿನದ್ದೂ ಮಾಡಿಬಿಡೋಣ. 20 ಸೆಂ.ಮೀ. ಹೂಳು, ಗೋಡೆ ಒರಟು, ಮ್ಯಾನಿಂಗ್ ಅಂಕಿ 0.015 ಅಲ್ಲ, 0.025 ಹಿಡಿಯಿರಿ. ನಿಮ್ಮ 470 ಲೀಟರಿನ ಚರಂಡಿ ಈಗ ಹೊರುವುದು ಸುಮಾರು 170. ಆಳ ಹೋದದ್ದು ಮೂರರಲ್ಲಿ ಒಂದು ಪಾಲು, ಶಕ್ತಿ ಹೋದದ್ದು ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು.

ಆದರೂ ಗಮನಿಸಿ, 170 ಹೊರುವ ಚರಂಡಿಗೆ ಇಳಿಯುತ್ತಿರುವುದೇ 120. ಹೂಳೆತ್ತಿಸಿದರೂ ನಿಮ್ಮ ರಸ್ತೆಯಲ್ಲಿ ಒಂದಿಂಚೂ ಕಡಿಮೆ ಆಗುವುದಿಲ್ಲ. ಜನ ಪ್ರತಿ ವರ್ಷ ಮಳೆಗಾಲದ ಮುಂಚೆ ಹೂಳೆತ್ತಿಸುತ್ತಾರೆ, ಮಳೆ ಬಂದ ಮೇಲೆ ಬೈಯುತ್ತಾರೆ. ಈಗ ಕಿಂಡಿ ಎಲ್ಲಾ ಬಿಡಿಸಿದಿರಿ ಅನ್ನಿ. 24 ಕಿಂಡಿಗೆ 190 ಲೀಟರ್ ಇಳಿಯುತ್ತದೆ. ಆಗ ಹೂಳು ತಡೆಯುತ್ತದೆ. ಹೂಳೂ ತೆಗೆದಿರಿ, ಆಗ ಮತ್ತೆ ಕಿಂಡಿ ಸಾಲದು. ಎರಡೂ ಸರಿ ಮಾಡಿದಿರಿ, ಆಗ ರಾಜಕಾಲುವೆ. ಒಂದೊಂದನ್ನೇ ನೋಡಿದರೆ ಇದು ಕಾಣುವುದೇ ಇಲ್ಲ. ಮಾಡೆಲ್ ಬೇಕಾಗುವುದು ಇಲ್ಲಿಗೆ.

ಸ್ವಿಮ್‌ನ 5.2 ಆವೃತ್ತಿ ಇಳಿಸಿಕೊಳ್ಳಿ. 2022ರಲ್ಲಿ ಬಂದದ್ದು. ಅದರಲ್ಲಿ ರಸ್ತೆ ಮತ್ತು ಇನ್ಲೆಟ್ ಅಂತ ಬೇರೆ ಸೌಲಭ್ಯ ಇದೆ. ರಸ್ತೆಯನ್ನೇ ಒಂದು ಅಗಲದ ಕಾಲುವೆ ಅಂತ ಹಾಕಿ, ಕೆಳಗೆ ಚರಂಡಿ ಹಾಕಿ, ನಡುವೆ ಕಿಂಡಿ ಜೋಡಿಸಿ. ಪ್ರತಿ ಕಿಂಡಿಗೂ ಶೇಕಡಾ ಎಷ್ಟು ಕಟ್ಟಿಕೊಂಡಿದೆ ಅಂತ ಹಾಕಬಹುದು. ಜಾಲರಿ ಅರ್ಧ ಕಟ್ಟಿಕೊಂಡಿದೆ ಅಂತ ಹಿಡಿದೇ ಡಿಸೈನ್ ಮಾಡುವ ರೂಢಿ ಹೊರದೇಶಗಳಲ್ಲೂ ಇದೆ. ನಮ್ಮಲ್ಲಿ ನೂರಕ್ಕೆ ನೂರು ತೆರೆದಿದೆ ಅಂತ ಬರೆಯುವ ಧೈರ್ಯ ಎಲ್ಲಿಂದ ಬರುತ್ತದೋ!

ಮೋರಿಪಕ್ಕದಮನೆ · ಸೋಮವಾರ ರಾತ್ರಿ 10:40

ಮಾಡಿದೆ. ರಸ್ತೆಯಲ್ಲಿ ನೀರು ಬಂತು. ಮಾಡೆಲ್‌ನಲ್ಲಿ ನಮ್ಮ ಮನೆ ಮುಳುಗಿದ್ದಕ್ಕೆ ಖುಷಿಪಟ್ಟವಳು ನಾನೊಬ್ಬಳೇ ಇರಬೇಕು.

ಆದರೆ ಒಂದು ಹೊಂದುತ್ತಿಲ್ಲ. ಮಾಡೆಲ್‌ನಲ್ಲಿ ಮಳೆ ನಿಂತ ಕೂಡಲೇ ನೀರು ಇಳಿಯಲು ಶುರು ಆಗುತ್ತದೆ. ಅಜ್ಜಿ ಹೇಳುವುದು ಬೇರೆ. "ಮಳೆ ನಿಂತು ಅರ್ಧ ಗಂಟೆ ಆದ ಮೇಲೆ ಇನ್ನೂ ಎರಡು ಬೆರಳು ಏರ್ತಮ್ಮ, ಆ ಪೈಪಿಂದ ಬುಳುಬುಳು ಅಂತ ಈಚೆಗೆ ಬರ್ತಿತ್ತು" ಅಂತಾರೆ. ವಯಸ್ಸಾಯಿತು, ಮರೆತಿರಬಹುದು ಅಂದುಕೊಂಡೆ.

ಐದುಮೀಟರ್‌ಗ್ರಿಡ್ · ಸೋಮವಾರ ರಾತ್ರಿ 10:58

ಅಜ್ಜಿ ಹೇಳಿದ್ದು ಸರಿ! ಅವರ ಮಾತನ್ನು ಹಾಗೇ ಬರೆದಿಟ್ಟುಕೊಳ್ಳಿ. ಇಡೀ ಚರ್ಚೆಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಡೇಟಾ ಅದೇ.

ಮಳೆ ಸುರಿಯುವಾಗ ಏರಿ, ನಿಂತಾಗ ಇಳಿದರೆ ತೊಂದರೆ ಕಿಂಡಿಯದ್ದು. ಮಳೆ ನಿಂತ ಮೇಲೂ ಏರಿದರೆ ನೀರು ಬೇರೆ ಕಡೆಯಿಂದ ಬರುತ್ತಿದೆ. ರಾಜಕಾಲುವೆಗೆ ಮೇಲಿನ ಬಡಾವಣೆಗಳ ನೀರು ತಡವಾಗಿ ಬಂದು ಮುಟ್ಟುತ್ತದೆ. ಅದರ ಮಟ್ಟ ನಿಮ್ಮ ಚರಂಡಿ ಬಾಯಿಗಿಂತ ಮೇಲೆ ಹೋದರೆ ಚರಂಡಿ ನೀರು ನಿಲ್ಲುತ್ತದೆ, ಆಮೇಲೆ ತಿರುಗುತ್ತದೆ. ನೀರು ಇಳಿಯಬೇಕಾದ ಕಿಂಡಿಯೇ ಊಟೆ ಆಗುತ್ತದೆ.

ಫ್ರೀ ಔಟ್‌ಫಾಲ್ ತೆಗೆದು ಅಲ್ಲಿ ಸಮಯಕ್ಕೆ ತಕ್ಕ ಮಟ್ಟ ಹಾಕಿ. ಅದಕ್ಕೆ ಎತ್ತರಗಳು ಬೇಕು.

ಕೊಟ್ಟಾರದವನು · ಸೋಮವಾರ ರಾತ್ರಿ 11:20

ಮಂಗಳೂರಿನಿಂದ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಮೇಲೆ, ದಿಬ್ಬದ ಮೇಲೆ ಕೂತ ಊರು. ಆದರೂ ಮುಳುಗುತ್ತೀರಿ ಮಾರಾಯ್ರೆ! ನಮಗಾದರೂ ಕಡಲು ಇದೆ.

ತಮಾಷೆ ಬಿಡಿ. ಕೊಟ್ಟಾರ ಚೌಕಿಯಲ್ಲಿ ಪ್ರತಿ ಮಳೆಗಾಲ ನೀರು ನಿಲ್ಲುವುದು ಎಲ್ಲರಿಗೂ ಗೊತ್ತು. ಕರಾವಳಿಯಲ್ಲಿ ಔಟ್‌ಫಾಲ್‌ನ ಮಟ್ಟ ಅಂದರೆ ಉಬ್ಬರ ಇಳಿತ. ಇಳಿತದ ಹೊತ್ತಿನಲ್ಲಿ ಬಿದ್ದ ಮಳೆ ತೋಡು ಹಿಡಿದು ಹೋಗಿಬಿಡುತ್ತದೆ. ಅಷ್ಟೇ ಮಳೆ ಉಬ್ಬರದಲ್ಲಿ ಬಿದ್ದರೆ ರಸ್ತೆಗೆ ಬರುತ್ತದೆ. 100 ಮಿ.ಮೀ. ಮಳೆಗೆ ಎಷ್ಟು ನೀರು ನಿಲ್ಲುತ್ತದೆ ಅಂತ ಕೇಳಿದರೆ ನಾವು ತಿರುಗಿ ಕೇಳುವುದು, ಎಷ್ಟು ಗಂಟೆಗೆ ಬಿತ್ತು ಅಂತ.

ನೀರುಗಂಟಿ · ಮಂಗಳವಾರ ಬೆಳಿಗ್ಗೆ 6:05

ಬೆಂಗಳೂರಿಗೆ ಕಡಲಿಲ್ಲ, ಆದರೆ ಕೆರೆ ಸಾಲು ಇದೆ. ದಿಬ್ಬದಿಂದ ಮೂರು ಕಣಿವೆ: ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ. ಆ ಕೋಡಿ ನೀರು ಹರಿಯುವ ದಾರಿಯೇ ರಾಜಕಾಲುವೆ. ಬೆಳ್ಳಂದೂರು ತುಂಬಿ ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ಮೊದಲು ಕೆರೆಗಳು ನೀರನ್ನು ಹಿಡಿದಿಟ್ಟು ನಿಧಾನಕ್ಕೆ ಬಿಡುತ್ತಿದ್ದವು. ಈಗ ಎಷ್ಟೋ ಕೆರೆಗಳು ವರ್ಷವಿಡೀ ಕೊಳಚೆ ನೀರಿನಿಂದ ತುಂಬಿಯೇ ಇರುತ್ತವೆ. ತುಂಬಿದ ಕೊಡಕ್ಕೆ ಮಳೆ ಹಿಡಿಸುತ್ತದೆಯೇ?

2022ರ ಸೆಪ್ಟೆಂಬರ್ 4ರ ರಾತ್ರಿ ನೆನಪಿದೆಯಲ್ಲ. 130 ಮಿ.ಮೀ. ದಾಟಿದ ಮಳೆ. ಹೊರವರ್ತುಲ ರಸ್ತೆ, ಯಮಲೂರು ಎಲ್ಲಾ ಮುಳುಗಿ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಅದಕ್ಕೂ ಹಿಂದಿನ ವಾರಗಳಲ್ಲೇ ಮಳೆ ಬಂದು ಕೆರೆಗಳು ತುಂಬಿದ್ದವು.

ಗಟಾರಗುರು · ಮಂಗಳವಾರ ಬೆಳಿಗ್ಗೆ 8:30

ಕಾಲುವೆ ನಡುವೆ ಎಲ್ಲೋ ಕುತ್ತಿಗೆ ಹಿಸುಕಿದ ಜಾಗವೂ ಇರಬಹುದು. ಹೊರಮಾವಿನ ಸಾಯಿ ಲೇಔಟ್ ನೋಡಿ, ರೈಲ್ವೆ ಹಳಿ ಕೆಳಗಿನ ಕಿಂಡಿ ಸಾಲದೆ ನೀರು ಹಿಂದೆ ನಿಲ್ಲುತ್ತದೆ. 2025ರ ಮೇ ತಿಂಗಳಲ್ಲಿ ಮನೆಗಳ ನೆಲಮಹಡಿಗೇ ನುಗ್ಗಿತ್ತು. ಲೇಔಟಿನ ಒಳಗೆ ಎಷ್ಟು ಚರಂಡಿ ಕಟ್ಟಿದರೂ ಆ ಒಂದು ಬಾಯಿ ಹೇಳಿದ ಹಾಗೆ ನಡೆಯಬೇಕು.

ಎತ್ತರ ಅಳೆಯಲು ಸರ್ವೆಯವರನ್ನು ಕರೆಸಬೇಡಿ ಮೇಡಂ, ದುಡ್ಡು ದಂಡ. ಮೇಸ್ತ್ರಿ ಹತ್ತಿರ ಟ್ಯೂಬ್ ಲೆವೆಲ್ ಇರುತ್ತದೆ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಎರಡು ತುದಿ ಹಿಡಿಯುವುದು. ಒಳಗೆ ಗಾಳಿಗುಳ್ಳೆ ಇಲ್ಲದ ಹಾಗೆ ನೋಡಿಕೊಂಡರೆ ಒಂದು ಬೀದಿಗೆ ಧಾರಾಳ ಸಾಕು.

ಸುಮ್ನೆಓದುವವ · ಮಂಗಳವಾರ ಬೆಳಿಗ್ಗೆ 11:15

ಉಪಗ್ರಹದ ನಕ್ಷೆಯಲ್ಲಿ ಎತ್ತರ ಉಚಿತವಾಗಿ ಸಿಗುತ್ತದಲ್ವಾ? ಟ್ಯೂಬ್ ಯಾಕೆ?

ಐದುಮೀಟರ್‌ಗ್ರಿಡ್ · ಮಂಗಳವಾರ ಮಧ್ಯಾಹ್ನ 12:50

ಸಿಗುತ್ತದೆ, ಆದರೆ 30 ಮೀಟರಿಗೆ ಒಂದು ಚುಕ್ಕಿ. ಅದರಲ್ಲೂ ಎತ್ತರದ ತಪ್ಪು ಮೀಟರುಗಳ ಲೆಕ್ಕದಲ್ಲಿ. ನಾವು ಹುಡುಕುತ್ತಿರುವುದು 25 ಸೆಂ.ಮೀ. ನೀರು. ಮೇಲಾಗಿ ಉಪಗ್ರಹಕ್ಕೆ ಕಾಣುವುದು ಮಾಳಿಗೆ ಮತ್ತು ಮರದ ತಲೆ, ಮೋರಿ ಅಲ್ಲ. ಇಡೀ ಕಣಿವೆಯ ಮೇಲೆ ನೀರು ಎತ್ತ ಹರಿಯುತ್ತದೆ ಅಂತ ನೋಡಲು ಪರವಾಗಿಲ್ಲ. ಬೀದಿಗೆ ಬೇಡ.

ಬೀದಿಯಲ್ಲಿ ನೀರಿನ ದಾರಿ ತೀರ್ಮಾನಿಸುವುದು ಏನು ಗೊತ್ತಾ? ಕಾಂಪೌಂಡ್ ಗೋಡೆ. ಮತ್ತೆ ಹಂಪ್! ಹತ್ತು ಸೆಂ.ಮೀ. ಹಂಪ್ ಒಂದು ಚಿಕ್ಕ ಕಟ್ಟೆ. ಅದರ ಹಿಂದೆ ನೀರು ನಿಲ್ಲುತ್ತದೆ, ಮೇಲಿಂದ ಹಾರುತ್ತದೆ. ಡಾಂಬರು ಪದರದ ಮೇಲೆ ಪದರ ಹಾಕಿ ರಸ್ತೆ ಏರಿದ್ದು, ಮನೆ ಹೊಸಿಲು ತಗ್ಗಾದದ್ದು, ಇದ್ಯಾವುದೂ ಉಪಗ್ರಹಕ್ಕೆ ಗೊತ್ತಿಲ್ಲ.

ಮೇಡಂ, ನಿಮಗೆ ಮನಸ್ಸಿದ್ದರೆ ಟೂಡಿ ಮಾಡಿ. ನೆಲವನ್ನೆಲ್ಲ ಚೌಕ ಚೌಕ ಮಾಡಿ, ಪ್ರತಿ ಚೌಕದಿಂದ ಪಕ್ಕದ ಚೌಕಕ್ಕೆ ನೀರು ಹರಿಸುವುದು, ಕಿಂಡಿ ಇರುವ ಚೌಕದಲ್ಲಿ ಚರಂಡಿಗೆ ಜೋಡಿಸುವುದು. ಹೆಕ್-ರಾಸ್ 6.6ರಲ್ಲಿ ಪೈಪ್ ಜಾಲವೂ ಬಂದಿದೆ. ಇಟ್ಸಿ ಅಂತ ಇನ್ನೊಂದಿದೆ, ಗ್ರಾಸ್ ಜಿಐಎಸ್ ಜೊತೆ ಓಡುತ್ತದೆ, ಒಳಗೆ ಸ್ವಿಮ್ಮನ್ನೇ ಜೋಡಿಸಿಕೊಂಡಿದೆ. ಎರಡೂ ಉಚಿತ.

ಒಂದು ಎಚ್ಚರಿಕೆ. ಚೌಕ ಚಿಕ್ಕದಾದಷ್ಟೂ ಸಮಯದ ಹೆಜ್ಜೆ (ಒಂದು ಲೆಕ್ಕದಿಂದ ಮುಂದಿನ ಲೆಕ್ಕಕ್ಕೆ ಇರುವ ಕಾಲ) ಚಿಕ್ಕದಾಗಬೇಕು. ನೀರಿನ ಅಲೆ ಒಂದು ಹೆಜ್ಜೆಯಲ್ಲಿ ಒಂದು ಚೌಕ ದಾಟಬಾರದು. 30 ಸೆಂ.ಮೀ. ನೀರು, ಸೆಕೆಂಡಿಗೆ ಒಂದು ಮೀಟರ್ ಓಟ ಅಂದರೆ 5 ಮೀಟರ್ ಚೌಕಕ್ಕೆ ಸುಮಾರು 1.8 ಸೆಕೆಂಡ್, 1 ಮೀಟರ್ ಚೌಕಕ್ಕೆ 0.37 ಸೆಕೆಂಡ್. ಒಂದು ಚದರ ಕಿ.ಮೀ.ಗೆ 5 ಮೀಟರ್ ಲೆಕ್ಕದಲ್ಲಿ 40 ಸಾವಿರ ಚೌಕ, 1 ಮೀಟರ್ ಲೆಕ್ಕದಲ್ಲಿ 10 ಲಕ್ಷ. ಚೌಕವೂ ಜಾಸ್ತಿ, ಹೆಜ್ಜೆಯೂ ಜಾಸ್ತಿ. ರಾತ್ರಿಯೆಲ್ಲ ಲ್ಯಾಪ್‌ಟಾಪ್ ಫ್ಯಾನ್ ಕೂಗುತ್ತಿರುತ್ತದೆ. ನನ್ನ ಹೆಸರಿನ ಕತೆ ಇಷ್ಟೇ.

ನೀರುಗಂಟಿ · ಮಂಗಳವಾರ ಸಂಜೆ 5:30

ನಾನು ಒಪ್ಪಲ್ಲ. ಒಂದು ಬೀದಿಗೆ 40 ಸಾವಿರ ಚೌಕ ಯಾಕಪ್ಪಾ? ನೀರು ಹೋಗುವುದು ಕಾಂಪೌಂಡುಗಳ ನಡುವೆ, ಒಂದೇ ದಾರಿ. ಅದು ಕಾಲುವೆ. ಈ ಹೆಣ್ಣುಮಗಳು 24 ಕಿಂಡಿ ಎಣಿಸಿ ತಿಳಿದದ್ದನ್ನು ನಿಮ್ಮ ಚೌಕ ತಿಳಿಸುತ್ತಿತ್ತೇ?

ಐದುಮೀಟರ್‌ಗ್ರಿಡ್ · ಮಂಗಳವಾರ ಸಂಜೆ 6:10

ಸಾರ್, ಕಾಂಪೌಂಡ್ ನಡುವೆ ಇರುವ ತನಕ ನಿಮ್ಮ ಮಾತು ಸರಿ. ನೀರು ಗೇಟು ದಾಟಿ ಹಿಂದಿನ ಖಾಲಿ ಸೈಟಿಗೆ, ಅಲ್ಲಿಂದ ಪಕ್ಕದ ರಸ್ತೆಗೆ ಹೋದರೆ? ಆ ದಾರಿ ಯಾವುದು ಅಂತ ಮೊದಲೇ ಗೊತ್ತಿದ್ದರೆ ಕಾಲುವೆ ಹಾಕಬಹುದು, ಗೊತ್ತಿಲ್ಲದಿದ್ದರೆ ಚೌಕ ಬೇಕು.

ಕಿಂಡಿ ಎಣಿಸದೆ ಟೂಡಿ ಮಾಡಿದರೆ ಬಣ್ಣಬಣ್ಣದ ಚಿತ್ರ ಅಷ್ಟೇ ಬರುತ್ತದೆ, ಅದನ್ನು ಒಪ್ಪುತ್ತೇನೆ. ನಾನೂ ಅಂಥದ್ದನ್ನು ಮಾಡಿ ಪಿಪಿಟಿ ತೋರಿಸಿದ್ದೇನೆ. ಚಪ್ಪಾಳೆ ಬಿತ್ತು, ಕೂಡ.

ಮೋರಿಪಕ್ಕದಮನೆ · ಗುರುವಾರ ರಾತ್ರಿ 9:15

ಇಬ್ಬರೂ ಜಗಳ ಆಡಬೇಡಿ. ಸದ್ಯ ಟೂಡಿ ಬೇಡ ಸಾರ್, ಮಗಳ ಪರೀಕ್ಷೆ ಇದೆ, ಲ್ಯಾಪ್‌ಟಾಪ್ ಅವಳಿಗೂ ಬೇಕು.

ಮೇಸ್ತ್ರಿ ಟ್ಯೂಬ್ ಲೆವೆಲ್ ತಂದರು. ರಾಜಕಾಲುವೆಯ ತಳದಿಂದ ನಮ್ಮ ಚರಂಡಿ ಬಾಯಿಯ ತಳ 1.5 ಮೀಟರ್ ಮೇಲೆ. ತಗ್ಗಿನ ರಸ್ತೆ 2.5 ಮೀಟರ್ ಮೇಲೆ. ರಾಜಕಾಲುವೆ ಗೋಡೆ 3 ಮೀಟರ್. ಅಂದರೆ ಕಾಲುವೆ ಉಕ್ಕುವುದಕ್ಕೂ ಮುಂಚೆ, ಗೋಡೆಗೆ ಇನ್ನೂ ಅರ್ಧ ಮೀಟರ್ ಬಾಕಿ ಇರುವಾಗಲೇ, ಅದರ ನೀರು ನಮ್ಮ ಕಿಂಡಿಯಿಂದ ಒಳಗೆ ಬರಬಹುದು. "ಕಾಲುವೆ ತುಂಬಿರಲಿಲ್ಲ, ಆದರೂ ನೀರು ಬಂತು" ಅಂತ ಜನ ಹೇಳುವುದು ಇದಕ್ಕೇ ಅಲ್ವಾ? ಕಾಲುವೆ ಗೋಡೆಯ ಒಳಭಾಗದಲ್ಲಿ ಕಸದ ಗೆರೆ 2.6ಕ್ಕೆ ಸಿಕ್ಕಿತು. ಅಜ್ಜಿಗೆ ಕ್ಷಮೆ ಕೇಳಿದೆ, ಮನಸ್ಸಿನಲ್ಲೇ.

ಮಳೆ ಅಂಕಿ ಯಾವುದು ಹಾಕಲಿ? ಪೇಪರಿನಲ್ಲಿ 24 ಗಂಟೆಯದ್ದು ಬರುತ್ತದೆ.

ಐದುಮೀಟರ್‌ಗ್ರಿಡ್ · ಗುರುವಾರ ರಾತ್ರಿ 9:50

24 ಗಂಟೆಯದ್ದು ಬೇಡವೇ ಬೇಡ. 96 ಮಿ.ಮೀ. ದಿನವಿಡೀ ಹರಡಿದರೆ ಗಂಟೆಗೆ 4, ಅದು ತುಂತುರು. ಅದರಲ್ಲಿ 60 ಒಂದೇ ಗಂಟೆಗೆ ಬಿದ್ದರೆ ನಿಮ್ಮ ಸೈಲೆನ್ಸರ್. ಚಿಕ್ಕ ಜಾಗಕ್ಕೆ 15 ನಿಮಿಷದ ಮಳೆ ಬೇಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ನಗರದ ತುಂಬಾ ಇವೆ. ಐಐಎಸ್‌ಸಿ ಜೊತೆ ಸೇರಿ 2020ರಲ್ಲಿ 'ಬೆಂಗಳೂರು ಮೇಘ ಸಂದೇಶ' ಆ್ಯಪ್ ಕೂಡ ತಂದರು. ಹತ್ತಿರದ ಮಾಪಕ ಹುಡುಕಿ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರಲ್ಲೇ 4 ಚದರ ಕಿ.ಮೀ.ಗೆ ಒಂದು ಮಾಪಕ ಇರಲಿ ಅಂದಿತ್ತು. ಬೆಂಗಳೂರಿನ ಗುಡುಗು ಮಳೆ ಜಯನಗರದಲ್ಲಿ ಸುರಿದರೆ ಬನಶಂಕರಿಯಲ್ಲಿ ಬಟ್ಟೆ ಒಣಗುತ್ತಿರುತ್ತದೆ, ಹಾಗಾಗಿ.

ಮೋರಿಪಕ್ಕದಮನೆ · ಮೂರು ವಾರದ ನಂತರ, ಭಾನುವಾರ

ಎಲ್ಲರಿಗೂ ಒಂದು ಅಪ್‌ಡೇಟ್ ಕೊಡಬೇಕಿತ್ತು.

15 ನಿಮಿಷದ ಮಳೆ, 15 ತೆರೆದ ಕಿಂಡಿ, 20 ಸೆಂ.ಮೀ. ಹೂಳು, ಡೈನಮಿಕ್ ವೇವ್, ಕೊನೆಯಲ್ಲಿ 2.6ರ ತನಕ ಏರಿ ಇಳಿಯುವ ಮಟ್ಟ. ಎಲ್ಲಾ ಹಾಕಿ ಓಡಿಸಿದೆ. ನೀರು 22 ಸೆಂ.ಮೀ. ನಿಂತಿತು. ಗೇಟಿನ ಮೇಲಿನ ಕೆಸರಿನ ಗೆರೆ 27. ಮಳೆ ನಿಂತ ಮೇಲೆ ಏರುವುದೂ ಬಂತು, ಆದರೆ ಅಜ್ಜಿ ಹೇಳಿದ ಎರಡು ಬೆರಳಿಲ್ಲ, ಅರ್ಧ ಬೆರಳು.

ಚರಂಡಿ ಬಾಯಿಗೆ ಫ್ಲ್ಯಾಪ್ ಗೇಟ್ (ನೀರನ್ನು ಹೊರಗೆ ಮಾತ್ರ ಬಿಡುವ ಬಾಗಿಲು) ಹಾಕಿದರೆ ಹೇಗೆ ಅಂತಲೂ ನೋಡಿದೆ. ಕಾಲುವೆ ನೀರು ಒಳಗೆ ಬರುವುದು ನಿಂತಿತು. ಆದರೆ ಗೇಟು ಮುಚ್ಚಿದ ಹೊತ್ತಿನಲ್ಲಿ ನಮ್ಮದೇ ಮಳೆ ನೀರಿಗೆ ಹೋಗಲು ಜಾಗ ಇಲ್ಲ. ಮಳೆ ಎರಡನೇ ಸಲ ಬಂದರೆ ಇನ್ನೂ ಜಾಸ್ತಿ ನಿಲ್ಲುತ್ತದೆ.

ವಾರ್ಡಿನ ಇಂಜಿನಿಯರ್ ಮಂಗಳವಾರ ಬರುತ್ತಾರಂತೆ. ಮಾಡೆಲ್ ತೋರಿಸಲ್ಲ. 24 ಕಿಂಡಿಗಳ ಪಟ್ಟಿ ಒಂದೇ ಹಾಳೆಯಲ್ಲಿ ಬರೆದಿಟ್ಟಿದ್ದೇನೆ, ಯಾವುದು ಯಾವುದರಿಂದ ಮುಚ್ಚಿದೆ ಅಂತ. 17ನೆಯದರ ಮುಂದೆ "ತೆಗೆಸಲಾಗಿದೆ" ಅಂತ ಬರೆದೆ. ನಿನ್ನೆಯೇ ಒಡೆಸಿದೆ.

ಗಟಾರಗುರು · ಭಾನುವಾರ ಮಧ್ಯಾಹ್ನ

ಹಾಳೆಯಲ್ಲಿ ಇನ್ನೊಂದು ಸಾಲು ಸೇರಿಸಿ. ಪೈಪ್ ಬದಲು ಕರ್ಬ್ ಕಲ್ಲಿನ ನಡುವೆ ಒಂದಡಿ ಅಗಲದ ತೆರಪು ಕೇಳಿ. ಗುಡಿಸುವವರ ಪೊರಕೆ ಒಳಗೆ ಹೋಗಬೇಕು, ಆಗ ಮಾತ್ರ ಕಸ ಬರುತ್ತದೆ. ನಾಲ್ಕಿಂಚಿನ ಪೈಪಿನಲ್ಲಿ ಯಾರ ಕೈಯೂ ಹೋಗಲ್ಲ.

ನೀರುಗಂಟಿ · ಭಾನುವಾರ ಸಂಜೆ

22ಕ್ಕೂ 27ಕ್ಕೂ ಐದು ಸೆಂ.ಮೀ. ಅಂತರ ದೊಡ್ಡದಲ್ಲ. ಆದರೆ ಅಜ್ಜಿಯ ಬೆರಳು ಕಾಡುತ್ತಿದೆ. ಮಗಳೇ, ಮಳೆ ಶುರುವಾದಾಗ ರಾಜಕಾಲುವೆ ಎಷ್ಟಿತ್ತು ಅಂತ ಹಾಕಿದ್ದೀರಿ? ಆ ದಿನ ಮೇಲಿನ ಕೆರೆ ಮೊದಲೇ ಕೋಡಿ ಬಿದ್ದಿತ್ತೇ?

ಮೋರಿಪಕ್ಕದಮನೆ · ಭಾನುವಾರ ರಾತ್ರಿ

ಖಾಲಿ ಅಂತ ಹಾಕಿದ್ದೆ ಸಾರ್. ಈಗ ಹೋಗಿ ಕೆರೆ ಏರಿ ಮೇಲೆ ಹೂವು ಮಾರುವವರನ್ನು ಕೇಳಿ ಬಂದೆ. ಹಿಂದಿನ ದಿನ ಮಧ್ಯಾಹ್ನದಿಂದಲೇ ಕೋಡಿ ಹರೀತಿತ್ತಂತೆ. ಅವರ ಬುಟ್ಟಿ ಒಂದು ಕೊಚ್ಚಿಕೊಂಡು ಹೋಗಿದೆ, ಅದಕ್ಕೇ ದಿನ ನೆನಪಿದೆ.

ಐದುಮೀಟರ್‌ಗ್ರಿಡ್ · ಭಾನುವಾರ ರಾತ್ರಿ

ಔಟ್‌ಫಾಲ್‌ನ ಆರಂಭದ ಮಟ್ಟ ಸೊನ್ನೆ ತೆಗೆದು 1.2 ಹಾಕಿ ಓಡಿಸಿ. ಆಮೇಲೆ 1.5, 1.8. ಯಾವುದಕ್ಕೆ ಎರಡು ಬೆರಳು ಬರುತ್ತದೆ ಅಂತ ಇಲ್ಲೇ ಹೇಳಿ, ನಾನು ಮಲಗಲ್ಲ.